ಕರೆಂಟ್ ಇದ್ದಾಗಲೇ ಮಾಡುವ ಠಪ್ ಪರೀಕ್ಷೆ

ಇಳಕಲ್ಲಿನ ಆ ಹೆರಿಗೆ ಆಸ್ಪತ್ರೆಯಲ್ಲಿ ಸಿಜೇರಿಯನ್ ನಡೆಯುತ್ತಿದ್ದಾಗ ದೀಪ ಹೋದದ್ದು ವೈರ್‌ಮನ್ ಗೋವಿಂದಪ್ಪನ ಕೆಟ್ಟ ವೈರಿಂಗಿನಿಂದ ಎಂದು ಊರು ಹೇಳುತ್ತದೆ. ಚಹಾದಂಗಡಿಯಲ್ಲಿ ಹೇಳುತ್ತದೆ, ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ಹೇಳುತ್ತದೆ. ನಾನು ಕೆಲಸ ಮಾಡಿದ ಕಂಪನಿಯ ವರದಿಯೂ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತದೆ. ಇಷ್ಟು ಜನ ಹೇಳಿದ ಮೇಲೆ ಖರೆ ಇರಲೇಬೇಕಲ್ಲವೇ? ಇರಬೇಕಿಲ್ಲ. ಚರ್ಚಾಸ್ಪರ್ಧೆಯಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು: ಎಷ್ಟು ಜನ ಹೇಳಿದರು ಎಂದು ಎಣಿಸಬೇಡ, ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳು. ನಾನು ಕೇಳಿದೆ. ಒಬ್ಬರೂ ಆ ವೈರು ಬಿಚ್ಚಿ ನೋಡಿರಲಿಲ್ಲ.

ನಿವೃತ್ತಿ ಎಂದರೆ ಅರವತ್ತರ ಮಾತು, ನಿನಗಿನ್ನೂ ನಲವತ್ತೂ ಆಗಿಲ್ಲ ಎಂದು ನಗುವವರು ನಗಲಿ. ಯುಪಿಎಸ್ ಹೊತ್ತು ತಿರುಗುವ ಕೆಲಸದಿಂದ ನಾನು ನಿವೃತ್ತಳಾಗಿದ್ದೇನೆ. ಇನ್ನು ಆ ಕಡೆ ತಲೆ ಹಾಕುವುದಿಲ್ಲ. ಆದರೆ ಈ ವರ್ಷವೂ ನಮ್ಮ ಕಡೆಯ ಕಾಲೇಜುಗಳಿಂದ ಹುಡುಗ ಹುಡುಗಿಯರು ಟೂಲ್ ಬ್ಯಾಗ್ ಹಿಡಿದು ಇದೇ ಕೆಲಸಕ್ಕೆ ಇಳಿಯುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಬಡ್ತಿ, ಸಂಬಳ, ಸನ್ಮಾನದ ಶಾಲು ಇವುಗಳ ಬಗ್ಗೆ ಬೇರೆಯವರನ್ನು ಕೇಳಿಕೊಳ್ಳಿ.

ಕೆಲಸಕ್ಕೆ ಸೇರಿದ್ದು ಬಾಗಲಕೋಟೆಯ ನವನಗರದ ಒಂದು ಆಫೀಸಿನಲ್ಲಿ. ಜಿಲ್ಲೆಯ ಈ ಅರ್ಧಕ್ಕೆಲ್ಲ ಯುಪಿಎಸ್ ಮಾರಿ, ಕೂರಿಸಿ, ದುರಸ್ತಿ ಮಾಡುವುದು ನಮ್ಮ ಕೆಲಸ. ಮ್ಯಾನೇಜರ್ ಮಠಪತಿ ಸರ್. ದಿನಾ ಹಣೆ ತುಂಬ ವಿಭೂತಿ, ಕಿಸೆಯಲ್ಲಿ ಟೆಸ್ಟರ್, ಮಾತಿಗೊಮ್ಮೆ "ಕಾಯಕ". ಸಂದರ್ಶನದಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಕಾಲೇಜಿನ್ಯಾಗ ಡಿಬೇಟ್ ಮಾಡ್ತಿದ್ದಿ ಅಂತ ಬರದೀಯಲ್ಲ ತಂಗಿ, ಗಿರಾಕಿ ಕೂಡನೂ ವಾದಾ ಮಾಡ್ತೀಯೇನು?"

"ಗಿರಾಕಿ ತಪ್ಪಿದ್ರ ಮಾಡ್ತೇನ್ರಿ."

"ಮತ್ತ ನಾ ತಪ್ಪಿದ್ರ?"

"ನಿಮ್ಮ ಕೂಡ ಇನ್ನೂ ಜೋರ ಮಾಡ್ತೇನ್ರಿ."

ಅವರು ಹೊಟ್ಟೆ ಹಿಡಿದು ನಕ್ಕರು, ಕೆಲಸ ಕೊಟ್ಟರು. ನ್ಯಾಯವಾಗಿ ಹೇಳಬೇಕೆಂದರೆ ಅವರಿಂದ ಬಹಳ ಕಲಿತೆ. ಬ್ಯಾಟರಿ ಕೆಡುವ ಮೊದಲೇ ಅದರ ಹೊಟ್ಟೆ ಉಬ್ಬುವುದನ್ನು ಅಂಗೈ ಸವರಿ ಗುರುತಿಸುವುದು, ರಿಲೇ ಸದ್ದು ಕೇಳಿಯೇ ಯಾವುದು ಅಂಟಿಕೊಂಡಿದೆ ಎಂದು ಹೇಳುವುದು, ಎಲ್ಲ ಅವರೇ ಕಲಿಸಿದ್ದು. ಅವರು ಮೂರ್ಖರಾಗಿದ್ದರೆ ನನಗೆ ಈ ಸಿಟ್ಟು ಬರುತ್ತಿರಲಿಲ್ಲ.

ನಮ್ಮಲ್ಲಿ ಒಂದು ರೂಢಿ ಇತ್ತು. ಹೊಸ ಯುಪಿಎಸ್ ಕೂರಿಸಿದ ಮೇಲೆ ಅದಕ್ಕೆ ಅರಿಶಿಣ ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದು, ಮಾಲೀಕರ ಮನೆಯವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಮಠಪತಿ ಸರ್ ಒಂದು ಆಟ ಆಡಿಸುತ್ತಿದ್ದರು. ಯುಪಿಎಸ್ ಕಡೆಯ ಒಂದು ಪ್ಲಗ್ಗಿನೊಳಗೆ ಬೇಕೆಂದೇ ಎರಡು ವೈರು ಕೂಡಿಸಿ ಶಾರ್ಟ್ ಮಾಡುವುದು. ಠಪ್ ಎಂದು ಆ ವೈರಿನ ಸಾಲನ್ನು ಕಾಯುವ ಎಂಸಿಬಿ ಎಂಬ ಸ್ವಿಚ್ಚು ತಾನೇ ಕೆಳಗೆ ಬೀಳುತ್ತಿತ್ತು. ಉಳಿದ ದೀಪ, ಕಂಪ್ಯೂಟರು ಮಿಸುಕುತ್ತಿರಲಿಲ್ಲ.

"ನೋಡಿದ್ರೇನು? ಎಲ್ಲಿ ಕೆಟ್ಟೈತಿ ಅಷ್ಟ ಬಂದ್. ಉಳದದ್ದೆಲ್ಲ ಆರಾಮ!"

ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ಫಳಾರ ಹಂಚುತ್ತಿದ್ದರು. ನಮ್ಮ ಆಫೀಸಿನಲ್ಲಿ ಇದಕ್ಕೆ ಠಪ್ ಪರೀಕ್ಷೆ ಎಂದೇ ಹೆಸರು. ನಾನೂ ಎಷ್ಟೋ ಕಡೆ ಚಪ್ಪಾಳೆ ತಟ್ಟಿದವಳೇ.

ಮೊದಲ ಅನುಮಾನ ಹುಟ್ಟಿದ್ದು ಬಾದಾಮಿಯಲ್ಲಿ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಲಾಡ್ಜು, ಗುಹೆ ನೋಡಲು ಬಂದವರು ಇಳಿದುಕೊಳ್ಳುವ ಜಾಗ. ಅಲ್ಲಿ ನಾವು ಕೂರಿಸಿದ ಯುಪಿಎಸ್ ಪೂಜೆ ಮಾಡಿಸಿಕೊಂಡು, ಠಪ್ ಪರೀಕ್ಷೆ ಪಾಸಾಗಿ, ಗಟ್ಟಿಮುಟ್ಟಾಗಿತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಗಿದ್ದಾಗ ಅಡುಗೆಯವನು ಚಟ್ನಿ ರುಬ್ಬಲು ಮಿಕ್ಸರನ್ನು ಯುಪಿಎಸ್ ಪ್ಲಗ್ಗಿಗೆ ಚುಚ್ಚಿದ. ಮಿಕ್ಸರ್ ಒಳಗೇ ಶಾರ್ಟ್ ಆಗಿತ್ತು. ಆಮೇಲೆ ಏನಾಗಬೇಕಿತ್ತು? ಅಡುಗೆಮನೆಯ ಎಂಸಿಬಿ ಬೀಳಬೇಕಿತ್ತು, ಉಳಿದದ್ದು ಆರಾಮ. ಆದದ್ದೇನು? ಎಂಸಿಬಿ ಸೆಟೆದು ನಿಂತೇ ಇತ್ತು. ಯುಪಿಎಸ್ ಕೀಂಯ್ ಎಂದು ಅರಚಿ ತಾನೇ ಬಂದ್ ಆಯಿತು. ಇಡೀ ಲಾಡ್ಜು ಕತ್ತಲೆ, ಕ್ಯಾಮೆರಾ ಬಂದ್, ರಿಸೆಪ್ಶನ್ ಕಂಪ್ಯೂಟರ್ ಬಂದ್.

ನಾನು ಹೋದಾಗ ಮಾಲೀಕರು ಬಾಗಿಲಲ್ಲೇ ಕಾದಿದ್ದರು. "ಬರ್ರಿ ಅಕ್ಕಾರ, ಬರ್ರಿ. ಕಾಯಿ ಒಡದಾಗ ಠಪ್ ಅಂದಿತ್ತು, ಈಗ್ಯಾಕ ಮುಗಂ ನಿಂತೈತಿ ಕೇಳ್ರಿ ಅದನ್ನ. ಇನ್ನೊಂದ್ ಕಾಯಿ ಬೇಕೇನು ಅದಕ್ಕ?"

ಅಷ್ಟರಲ್ಲಿ ಕರೆಂಟ್ ಬಂದಿತ್ತು. ಅದೇ ಮಿಕ್ಸರನ್ನು ಮತ್ತೆ ಚುಚ್ಚಿಸಿದೆ. ಠಪ್! ಎಂಸಿಬಿ ಬಿತ್ತು. ಲಾಡ್ಜಿನ ದೀಪ ಅಲುಗಲಿಲ್ಲ. ಅದೇ ಮಿಕ್ಸರು, ಅದೇ ವೈರು, ಅದೇ ಎಂಸಿಬಿ. ಕರೆಂಟ್ ಇದ್ದಾಗ ಒಂದು ನಡತೆ, ಕರೆಂಟ್ ಇಲ್ಲದಾಗ ಇನ್ನೊಂದು.

ಬಾಗಲಕೋಟೆಗೆ ಬಂದು ಮಠಪತಿ ಸರ್ ಮುಂದೆ ಹೇಳಿದೆ. ಅವರು ಫೋನಿನಿಂದ ತಲೆ ಎತ್ತಲಿಲ್ಲ. "ಓವರ್‌ಲೋಡ್ ಆಗಿರ್ತೈತಿ. ಯುಪಿಎಸ್ ಮ್ಯಾಲ ಮಿಕ್ಸರ್ ಹಚ್ಚಬ್ಯಾಡ್ರಿ ಅಂತ ಬೋರ್ಡ್ ಬರದು ಹಾಕ."

ಬೋರ್ಡ್ ಹಾಕಿದೆವು. ಅಲ್ಲಿಗೆ ಕಂಪನಿಯ ಸಂಶೋಧನೆ ಮುಗಿಯಿತು. ನಾನು ಲೆಕ್ಕಕ್ಕೆ ಕೂತೆ.

ಲೆಕ್ಕ ಕಷ್ಟದ್ದಲ್ಲ. ಹೊಸಬರು ಗಮನವಿಟ್ಟು ಓದಬೇಕು, ಏಕೆಂದರೆ ಇದನ್ನು ನಿಮಗೆ ಕೆಲಸದ ಮೇಲೆ ಯಾರೂ ಹೇಳುವುದಿಲ್ಲ. ಎಂಸಿಬಿ ತಾನಾಗಿ ಬೀಳುವುದಿಲ್ಲ. ದೊಡ್ಡ ಪ್ರವಾಹ ಅದನ್ನು ತಳ್ಳಿ ಬೀಳಿಸಬೇಕು. ಲಾಡ್ಜಿನಲ್ಲಿದ್ದಂಥ ಮೂವತ್ತೆರಡು ಆಂಪಿಯರಿನ ಸಿ ಮಾದರಿಯ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಮೇಲೆ ಬರೆದಿರುವುದರ ಐದರಿಂದ ಹತ್ತು ಪಟ್ಟು ಪ್ರವಾಹ ಬೇಕು. ಅಂದರೆ ಕಡಿಮೆಯೆಂದರೆ ನೂರ ಅರವತ್ತು, ಖಾತ್ರಿಯಾಗಿ ಬೀಳಬೇಕೆಂದರೆ ಮುನ್ನೂರ ಇಪ್ಪತ್ತು ಆಂಪಿಯರ್. ಕರೆಂಟ್ ಇದ್ದಾಗ ಇದೇನೂ ದೊಡ್ಡ ಮಾತಲ್ಲ. ಶಾರ್ಟ್ ಆದ ಕೂಡಲೇ ಯುಪಿಎಸ್ "ಇದು ನನ್ನ ಕೈಲಾಗದು" ಎಂದು ಪಕ್ಕಕ್ಕೆ ಸರಿದು ಹೊರಗಿನ ಲೈನನ್ನೇ ನೇರ ಮುಂದಕ್ಕೆ ಬಿಡುತ್ತದೆ. ಹೊರಗಿನ ಲೈನಿನ ಹಿಂದೆ ಟ್ರಾನ್ಸ್‌ಫಾರ್ಮರ್ ಇದೆ, ಅದರ ಹಿಂದೆ ಇಡೀ ಜಾಲ ಇದೆ. ನಮ್ಮೂರಿನವರಿಗೆ ಹೇಳುವುದಾದರೆ ಅದು ಹಿನ್ನೀರು ಇದ್ದಂತೆ. ಕಟ್ಟೆ ಎಲ್ಲಿ ಒಡೆದರೂ ನುಗ್ಗುತ್ತದೆ, ಸಾವಿರ ಆಂಪಿಯರ್ ಬೇಕೆಂದರೂ ಕೊಡುತ್ತದೆ.

ಕರೆಂಟ್ ಹೋದಾಗ? ಹಿನ್ನೀರು ಇಲ್ಲ. ತಲೆಯ ಮೇಲೆ ಹೊತ್ತ ಕೊಡವಷ್ಟೇ. ಹತ್ತು ಕೆವಿಎ ಯುಪಿಎಸ್ಸನ್ನು ಇನ್ನೂರ ಮೂವತ್ತು ವೋಲ್ಟಿನಿಂದ ಭಾಗಿಸಿದರೆ ನಲವತ್ಮೂರು ಆಂಪಿಯರ್ ಚಿಲ್ಲರೆ. ಬ್ಯಾಟರಿಯ ಮೇಲೆ ನಡೆಯುವಾಗ ನಮ್ಮ ಯುಪಿಎಸ್ ಎಂಥ ಶಾರ್ಟ್ ಆದರೂ ಅದರ ಎರಡು ಪಟ್ಟಿಗಿಂತ ಹೆಚ್ಚು ಕೊಡುವುದಿಲ್ಲ. ಅದೂ ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ತನ್ನ ಜೀವ ಉಳಿಸಿಕೊಳ್ಳಲು ತಾನೇ ಬಂದ್ ಆಗುತ್ತದೆ. ತೊಂಬತ್ತರೊಳಗೆ ಕೊಡುವ ಯಂತ್ರ, ನೂರ ಅರವತ್ತು ಕೇಳುವ ಎಂಸಿಬಿ. ಇವೆರಡನ್ನು ಜೋಡಿಸಿ ಹಾರ ಹಾಕಿ ಕಾಯಿ ಒಡೆದರೆ ಅದು ಬೀಳುತ್ತದೆಯೇ?

ಆರು ಆಂಪಿಯರಿನ ಎಂಸಿಬಿಗಾದರೆ ಅರವತ್ತು ಸಾಕು. ಬ್ಯಾಟರಿಯ ಮೇಲೂ ಬೀಳುತ್ತದೆ. ಒಂದು ದಪ್ಪ ಸಾಲಿನ ಬದಲು ನಾಲ್ಕಾರು ಸಣ್ಣ ಸಾಲು ಮಾಡಿ, ಒಂದೊಂದಕ್ಕೂ ಸಣ್ಣ ಎಂಸಿಬಿ ಕೊಡಬೇಕು. ಇಷ್ಟೇ ಪರಿಹಾರ.

ಇದನ್ನು ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದಾಗ ಮಠಪತಿ ಸರ್ ಎದ್ದು ಬಂದು ಪಕ್ಕದಲ್ಲಿ ತಮ್ಮ ಲೆಕ್ಕ ಬರೆದರು. ಟ್ರಾನ್ಸ್‌ಫಾರ್ಮರಿನಿಂದ ಶುರು ಮಾಡಿ, ಕೇಬಲ್ಲಿನ ಉದ್ದ ಹಿಡಿದು, ಕೊನೆಗೆ ಸಾವಿರದ ಮೇಲೆ ಆಂಪಿಯರ್ ತಂದು ನಿಲ್ಲಿಸಿದರು.

"ಎಲ್ಲಿ ತಪ್ಪೈತಿ ತೋರಿಸು?"

"ಲೆಕ್ಕದಾಗ ತಪ್ಪಿಲ್ರಿ ಸರ್. ಕರೆಂಟ್ ಇದ್ದಾಗಿಂದು ನೀವು ಲೆಕ್ಕಾ ಮಾಡೀರಿ. ಗಿರಾಕಿ ಯುಪಿಎಸ್ ತಗೊಳ್ಳೋದು ಕರೆಂಟ್ ಇಲ್ಲದಾಗಿನ ಸಲುವಾಗಿ."

"ನೋಡ ಸುನಂದಾ, ನೀ ಡಿಬೇಟ್ ಗೆಲ್ಲಾಕ್ ಮಾತಾಡ್ತಿ. ನಾ ಗಿರಾಕಿ ಬಯ್ಯಬಾರ್ದಂತ ಮಾತಾಡ್ತೇನಿ. ಸಣ್ಣ ಎಂಸಿಬಿ ಹಾಕಿದ್ರ ದಿನಾ ಬೀಳ್ತಾವು, ದಿನಾ ಫೋನ್ ಬರ್ತೈತಿ. ನೀ ಹೋಗ್ತೀಯೇನು ಇಳಕಲ್ಲಿಗೆ ದಿನಾ?"

ಇಲ್ಲಿ ಇಳಕಲ್ಲಿನ ಒಂದು ವಿಷಯ ಹೇಳಬೇಕು. ಅಲ್ಲಿ ಮನೆ ಮನೆಗೆ ಪವರ್‌ಲೂಮ್. ಮಗ್ಗಗಳ ಮೋಟಾರು ಒಟ್ಟಿಗೆ ಎದ್ದೇಳುವಾಗ ಒಮ್ಮೆಲೇ ಹೆಚ್ಚು ಪ್ರವಾಹ ಎಳೆಯುತ್ತವೆ; ಸಣ್ಣ ಎಂಸಿಬಿ ಹಾಕಿದರೆ ಪ್ರತಿ ಸಲ ಬೀಳುತ್ತದೆ, ನೇಯುವವರ ಹೊತ್ತು ಹಾಳು. ಅದಕ್ಕೆ ಊರಿನ ಎಲೆಕ್ಟ್ರಿಕ್ ಅಂಗಡಿಯಲ್ಲೆಲ್ಲ ಮೂವತ್ತೆರಡು ಆಂಪಿಯರಿನದೇ ರಾಶಿ. ಅದರ ಹೆಸರೇ ಮಗ್ಗದ ಎಂಸಿಬಿ. ಬೀಳದೆ ನಿಲ್ಲುವುದೇ ಅದರ ಹೆಗ್ಗಳಿಕೆ. ಮಗ್ಗದ ಶೆಡ್ಡಿನಲ್ಲಿ ಅದು ಸರಿಯಾದ ಆಯ್ಕೆ. ಆದರೆ ಬೀಳದಿರುವುದೇ ಒಳ್ಳೆಯ ಗುಣ ಎಂಬ ನಂಬಿಕೆ ಶೆಡ್ಡಿನಿಂದ ಹೊರಟು ಅಂಗಡಿ, ಬ್ಯಾಂಕು, ದವಾಖಾನೆಗಳ ಯುಪಿಎಸ್ ಬೋರ್ಡಿನೊಳಗೂ ಬಂದು ಕೂತಿತು.

ಗೋವಿಂದಪ್ಪ ನೇಕಾರರ ಮನೆಯವನು. ಅಣ್ಣ ಮಗ್ಗ ನಡೆಸುತ್ತಿದ್ದ, ಇವನು ವೈರಿಂಗ್ ಕಲಿತು ಲೈಸೆನ್ಸ್ ತೆಗೆದ. ಇಳಕಲ್ಲಿನಲ್ಲಿ ನಮ್ಮ ಕಂಪನಿಯ ಕೆಲಸಕ್ಕೆಲ್ಲ ಅವನೇ. ಹೆರಿಗೆ ಆಸ್ಪತ್ರೆಯ ಯುಪಿಎಸ್ ವೈರಿಂಗ್ ಅವನು ಮಾಡಿದಾಗ ಮೊದಲು ಸಣ್ಣ ಎಂಸಿಬಿಗಳನ್ನೇ ಹಾಕಿದ್ದ. ಅಂಗಡಿಯಲ್ಲಿ ಅವತ್ತು ಮಗ್ಗದ್ದು ಮುಗಿದು, ಸಿಕ್ಕಿದ್ದು ಅವೇ ಎಂದು. ಸಿಸ್ಟರುಗಳು ಸೂಜಿ ಕುದಿಸುವ ಪಾತ್ರೆಯನ್ನೂ ಅದೇ ಸಾಲಿಗೆ ಚುಚ್ಚಿದರು. ಎರಡು ಮೂರು ಸಲ ಬಿತ್ತು. ಆಸ್ಪತ್ರೆ ನಡೆಸುವ ಡಾಕ್ಟರ್ ಬಾಯಿಯವರು ಮಠಪತಿ ಸರ್‌ಗೆ ಫೋನ್ ಮಾಡಿ ರೇಗಿದರು. ಸರ್ ನನ್ನ ಎದುರೇ ಗೋವಿಂದಪ್ಪನಿಗೆ ಫೋನ್ ಹಚ್ಚಿದರು.

"ಏ ಗೋವಿಂದಪ್ಪಾ, ಅವನ್ನೆಲ್ಲ ಕಿತ್ತ ಒಗಿ. ವಾರ್ಡಿಗೊಂದು, ಥಿಯೇಟರಿಗೊಂದು ಸಾಲ ಮಾಡಿ, ಎರಡಕ್ಕೂ ಮಗ್ಗದ್ದ ಹಾಕಿಬಿಡು. ಬೀಳೂ ಮಾತ ಇಲ್ಲ."

ಅವನು ಹಾಕಿದ. ದಪ್ಪ ಎಂಸಿಬಿಗೆ ತಕ್ಕಂತೆ ವೈರನ್ನೂ ದಪ್ಪದ್ದಕ್ಕೆ ಬದಲಿಸಿದ. ಆ ಕೆಲಸ ಚೊಕ್ಕಾಗಿತ್ತು. ಮಠಪತಿ ಸರ್ ಹೋಗಿ ಠಪ್ ಪರೀಕ್ಷೆ ಮಾಡಿದರು. ಕರೆಂಟ್ ಇತ್ತು. ಬಿತ್ತು. ಚಪ್ಪಾಳೆ.

ಆಮೇಲೆ ಆ ದಿನ. ಕರೆಂಟ್ ಹೋಗಿದೆ, ಆಸ್ಪತ್ರೆಯ ಜನರೇಟರ್ ದುರಸ್ತಿಗೆ ಹೋಗಿದೆ, ಯುಪಿಎಸ್ ಮೇಲೆ ಸಿಜೇರಿಯನ್ ನಡೆದಿದೆ. ಪಕ್ಕದ ವಾರ್ಡಿನಲ್ಲಿ ಒಂದು ಮಂಚ ಸರಿಸಿದಾಗ ಕಫ ಎಳೆಯುವ ಯಂತ್ರದ ವೈರು ಅದರ ಗಾಲಿಯಡಿ ಸಿಕ್ಕು ನಜ್ಜಾಗಿ ಶಾರ್ಟ್ ಆಯಿತು. ವಾರ್ಡಿನ ಎಂಸಿಬಿ ಬೀಳಲಿಲ್ಲ. ಯುಪಿಎಸ್ ಬಂದ್. ಸಿಸ್ಟರ್ ಓಡಿ ಬಂದು ಮತ್ತೆ ಚಾಲೂ ಮಾಡಿದಳು. ಶಾರ್ಟ್ ಹಾಗೇ ಇತ್ತಲ್ಲ, ಮತ್ತೆ ಬಂದ್. ಹೊಟ್ಟೆ ಕೊಯ್ದು ಮಲಗಿಸಿದ ಹೆಂಗಸಿನ ಮೇಲೆ ಎಲ್ಲರೂ ಮೊಬೈಲ್ ಟಾರ್ಚ್ ಹಿಡಿದು ನಿಂತರು. ಡಾಕ್ಟರ್ ಬಾಯಿಯವರ ಕೈ ಗಟ್ಟಿ. ತಾಯಿ, ಕೂಸು ಇಬ್ಬರೂ ಉಳಿದರು. ಅಷ್ಟರಲ್ಲಿ ಕರೆಂಟ್ ಬಂತು, ಠಪ್ ಎಂದು ವಾರ್ಡಿನ ಎಂಸಿಬಿ ಬಿತ್ತು, ಥಿಯೇಟರಿನ ದೀಪ ಹತ್ತಿತು. ತನಿಖೆಗೆ ಬಂದವರಿಗೆ ಕಂಡದ್ದೇನು? ಬಿದ್ದ ಎಂಸಿಬಿ. ಅಂದರೆ ಎಂಸಿಬಿ ಸರಿ ಇದೆ. ಯುಪಿಎಸ್ ನಡೆಯುತ್ತಿದೆ. ಅಂದರೆ ಯುಪಿಎಸ್ ಸರಿ ಇದೆ. ಉಳಿದದ್ದು ವೈರಿಂಗ್, ವೈರಿಂಗ್ ಮಾಡಿದ ಮನುಷ್ಯ.

ಆಸ್ಪತ್ರೆಯಲ್ಲಿ ಸೇರಿದ ಸಭೆಗೆ ನಾನೂ ಹೋಗಿದ್ದೆ. ಹೆರಿಗೆಯಾದ ಹೆಂಗಸಿನ ಗಂಡ, ಅವಳ ಮಾವ, ಡಾಕ್ಟರ್ ಬಾಯಿಯವರು, ಮಠಪತಿ ಸರ್, ಮೂಲೆಯಲ್ಲಿ ಗೋವಿಂದಪ್ಪ. ಮಠಪತಿ ಸರ್ ಎಲ್ಲರನ್ನೂ ಬೋರ್ಡಿನ ಮುಂದೆ ನಿಲ್ಲಿಸಿ ಮತ್ತೆ ಅದೇ ಆಟ ಆಡಿದರು. ಠಪ್.

"ನೋಡ್ರಿ, ನಮ್ಮ ಮಾಲಿನೊಳಗ ದೋಷ ಇಲ್ಲ. ಎಲ್ಲೋ ಜಾಯಿಂಟ್ ಸಡ್ಲ ಆಗಿರಬೇಕ."

"ಸರ್, ಮೇನ್ ಬಂದ್ ಮಾಡಿ ಒಮ್ಮೆ ಮಾಡ್ರಿ," ಎಂದೆ.

"ಒಳಗ ಪೇಶಂಟ್ ಅದಾರವಾ. ಈಗ ಮೇನ್ ಬಂದ್ ಮಾಡಾಕ್ ಬರ್ತೈತೇನು?"

ಒಪ್ಪುತ್ತೇನೆ, ಬರುವುದಿಲ್ಲ. ಆದರೆ ಮಾಡದ ಪರೀಕ್ಷೆಯಿಂದ ತೀರ್ಪು ಕೊಡಲು ಬರುತ್ತದೆಯೇ? ಇದನ್ನೇ ಕೇಳಿದೆ. ಹೆಂಗಸಿನ ಮಾವ ನನ್ನ ಕಡೆ ತಿರುಗಿ, "ನೀವು ಯಾರ್ ಕಡಿ ಅದೀರಿ ಅಕ್ಕಾರ? ನಿಮ್ಮ ಸಾಹೇಬ್ರ ಅವಂದ ತಪ್ಪು ಅಂತ ಹೇಳಾಕತ್ತಾರ," ಎಂದು ಗೋವಿಂದಪ್ಪನತ್ತ ಕೈ ಮಾಡಿದರು. ಗೋವಿಂದಪ್ಪ ನನಗೇ ಕೈ ಮುಗಿದು, "ಬಿಡ್ರಿ ಅಕ್ಕಾರ, ಇನ್ನೂ ಮಾತ್ ಬೆಳಸಬ್ಯಾಡ್ರಿ," ಎಂದ. ಮಠಪತಿ ಸರ್ ವರದಿಯಲ್ಲಿ ವೈರಿಂಗ್ ದೋಷ ಎಂದು ಬರೆದರು. ಕಂಪನಿ ಅವನಿಗೆ ಕೆಲಸ ಕೊಡುವುದನ್ನು ನಿಲ್ಲಿಸಿತು. ಊರಿನವರು ಕರೆಯುವುದನ್ನು ನಿಲ್ಲಿಸಿದರು. ತಾನೇ ಫ್ಯಾನು ಹಾಕಿದ ಮನೆಗಳ ಮುಂದೆ ಹಾದು ಹೋದರೆ, "ದವಾಖಾನಿ ಕತ್ಲಾ ಮಾಡಿದಂವ" ಎಂಬ ಮಾತು ಅವನ ಬೆನ್ನಿಗೆ ಬೀಳುತ್ತಿತ್ತು.

ನಾನು ಸುಮ್ಮನಿರಲಿಲ್ಲ. ಹುನಗುಂದದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವರೊಬ್ಬರಿಗೆ ಅದೇ ಮಾದರಿಯ ಯುಪಿಎಸ್ ಕೊಟ್ಟಿದ್ದೆವು. ರಜೆಯ ದಿನ ಅಲ್ಲಿ ಪರೀಕ್ಷೆ ಮಾಡಲು ಅವರು ಒಪ್ಪಿದರು. ಗೋವಿಂದಪ್ಪನನ್ನು ಬಾ ಎಂದೆ. ಮೊದಲು ಬರಲೊಲ್ಲೆ ಎಂದ.

"ನಿಮ್ಮ ಲೆಕ್ಕಾ ತಗೊಂಡು ನಾ ಏನ್ ಮಾಡ್ಲಿರಿ? ಲೆಕ್ಕಾ ತೋರಿಸಿದ್ರ ಯಾರರೆ ಫ್ಯಾನ್ ಹಾಕಸ್ತಾರೇನು?"

ಕೊನೆಗೆ ಬಂದ. ಅಣ್ಣನ ಶೆಡ್ಡಿನಿಂದಲೇ ಬಂದಿದ್ದ. ಅಂಗಿಯ ತೋಳಿಗೆ ಕೆಂಪು ರೇಷ್ಮೆಯ ಎಳೆ ಅಂಟಿತ್ತು. ಈಗ ಅಲ್ಲಿ ಕಂಡಿಕಿ ಸುತ್ತುತ್ತಾನಂತೆ. ಲಾಳಿಯೊಳಗೆ ಇಡುವ ನೂಲಿನ ಆ ಸಣ್ಣ ಕಡ್ಡಿ ಸುತ್ತುವುದು ಮನೆಯ ಮುದುಕರಿಗೆ ಬಿಡುವ ಕೆಲಸ. ಅವನೇ ತನ್ನ ಕೈಯಾರೆ ಮಗ್ಗದ ಎಂಸಿಬಿ ಜೋಡಿಸಿದ. ಕರೆಂಟ್ ಇಟ್ಟುಕೊಂಡು ಶಾರ್ಟ್ ಮಾಡಿದೆವು. ಠಪ್, ಬಿತ್ತು. ಎತ್ತಿ ನಿಲ್ಲಿಸಿ, ಹೊರಗಿನ ಮೇನ್ ಬಂದ್ ಮಾಡಿ, ಬ್ಯಾಟರಿಯ ಮೇಲೆ ಶಾರ್ಟ್ ಮಾಡಿದೆವು. ಯುಪಿಎಸ್ ಕೀಂಯ್ ಎಂದು ಸತ್ತಿತು. ಎಂಸಿಬಿ ಮೇಲೆ ಮುಖ ಮಾಡಿ ನಿಂತಿತ್ತು. ಮೊಬೈಲಿನಲ್ಲಿ ಎಲ್ಲ ಹಿಡಿದೆ.

ಅವನು ಇನ್ನೊಮ್ಮೆ ಮಾಡಿಸಿದ. ಮತ್ತೊಮ್ಮೆ ಮಾಡಿಸಿದ. ಆಮೇಲೆ ಸಣ್ಣ ಎಂಸಿಬಿ ಹಾಕಿ ಮಾಡಿದೆವು. ಬ್ಯಾಟರಿಯ ಮೇಲೂ ಠಪ್ ಎಂದಿತು, ಯುಪಿಎಸ್ ನಡೆಯುತ್ತಲೇ ಇತ್ತು. ಅವನು ಎಂಸಿಬಿಯ ಮೇಲೆ ಬೆರಳಿಟ್ಟು ಕೇಳಿದ:

"ಹಂಗಾರ ಮೊದಲ ನಾ ಹಾಕಿದ್ದ ಇದ್ದಿದ್ರ ದೀಪ ಹೋಗ್ತಿದ್ದಿಲ್ಲ, ಹೌದಲ್ರಿ?"

"ಹೌದು."

"ನಮ್ಮ ಮನ್ಯಾಗ ಇದನ್ನ ನೀವ ಬಂದ್ ಹೇಳ್ತೀರೇನ್ರಿ? ನಾ ಹೇಳಿದ್ರ ನಂಬಾಂಗಿಲ್ಲ. ನನ್ನ ಹೇಣ್ತಿನೂ ನಂಬಾಂಗಿಲ್ಲ."

ಮನೆಗೆ ಹೋಗಿ ಹೇಳಿದೆ. ಅವನ ಹೆಂಡತಿ ಚಹಾ ಕೊಟ್ಟು, ವಿಡಿಯೋ ಪೂರ್ತಿ ನೋಡಿ, ಒಂದೇ ಮಾತು ಅಂದಳು: "ಇದನ್ನ ನಮಗ ತೋರಿಸಿ ಏನ್ ಬಂತ್ರಿ? ಬರದವ್ರಿಗೆ ತೋರಿಸ್ರಿ."

ಬರೆದವರಿಗೆ ತೋರಿಸಿದೆ. ಮಠಪತಿ ಸರ್ ಆಫೀಸಿನ ಬಾಗಿಲು ಮುಚ್ಚಿಕೊಂಡು ವಿಡಿಯೋ ನೋಡಿದರು. ಅವರ ಮುಖ ನೋಡಿದರೆ ಲೆಕ್ಕ ಅವರಿಗೆ ಹೊಸದಲ್ಲ ಎನಿಸಿತು.

"ಖರೆ ಐತಿ," ಎಂದರು. "ಆದ್ರ ಬರಿಯಾಕ್ ಬರಂಗಿಲ್ಲ ತಂಗಿ. ಒಂದ್ ಕಡಿ ಬರದ್ರ ಎಲ್ಲಾ ಕಡಿ ಕೇಳ್ತಾರ. ಬ್ಯಾಂಕಿನವರು ಕೇಳ್ತಾರ, ಲಾಡ್ಜಿನವರು ಕೇಳ್ತಾರ."

"ಕೇಳಬೇಕಲ್ರಿ ಸರ್. ಕೇಳ್ಲಿ."

"ನಿಂಗ ಮಾತಾಡಾಕ್ ಛಲೋ ಬರ್ತೈತಿ. ಆಫೀಸ್ ನಡಸೂದು ಮಾತಲ್ಲ."

ಆಮೇಲೆ ಅವರು ಮಾಡಿದ್ದನ್ನು ನೋಡಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ನಾವು ಯುಪಿಎಸ್ ಕೂರಿಸಿದ ಕಡೆಯಲ್ಲೆಲ್ಲ "ಉಚಿತ ಸರ್ವಿಸ್" ಎಂದು ಹೇಳಿ ಮಗ್ಗದ ಎಂಸಿಬಿಗಳನ್ನು ತೆಗೆಸಿ, ಸಾಲುಗಳನ್ನು ಒಡೆಸಿ, ಸಣ್ಣವನ್ನು ಹಾಕಿಸಿದರು. ಹೆರಿಗೆ ಆಸ್ಪತ್ರೆಯಲ್ಲೂ ಹಾಕಿಸಿದರು; ಅಲ್ಲಿ ಸಾಲು ಒಡೆದದ್ದು ಬೋರ್ಡಿನೊಳಗಷ್ಟೇ. ಆ ಕೆಲಸಕ್ಕೆ ಬೇರೆ ಊರಿನ ವೈರ್‌ಮನ್ನನ್ನು ಕರೆಸಿದರು. ಠಪ್ ಪರೀಕ್ಷೆಯನ್ನು ಈಗ ಮೇನ್ ಬಂದ್ ಮಾಡಿ ಮಾಡುತ್ತಾರೆ, ಕಾಯಿ ಮಾತ್ರ ಮೊದಲಿನಂತೆಯೇ ಒಡೆಯುತ್ತಾರೆ. ಕೆಲಸದ ರೀತಿ ಸುಧಾರಿಸಿತು. ಸಂತೋಷ. ವರದಿ ಹಾಗೇ ಇದೆ. ಗೋವಿಂದಪ್ಪ ಕಂಡಿಕಿ ಸುತ್ತುತ್ತಿದ್ದಾನೆ.

ಅದೇ ತಿಂಗಳು ನಾನು ರಾಜೀನಾಮೆ ಕೊಟ್ಟೆ. ವಿಡಿಯೋ ತೆಗೆದುಕೊಂಡು ಡಾಕ್ಟರ್ ಬಾಯಿಯವರ ಬಳಿಗೂ ಹೋದೆ. ಅವರು ನೋಡಿದರು, ನಂಬಿದರು, "ಆದ್ರ ಕಂಪನಿಯವರು ಬರದು ಕೊಟ್ರ ನಾ ಎಲ್ಲಾರಿಗೂ ಹೇಳ್ತೇನಿ," ಎಂದರು. ಮತ್ತೆ ಅದೇ ಬಾಗಿಲಿಗೆ ಬಂದು ನಿಂತಿತು ವಿಷಯ.

ಈ ಕೆಲಸಕ್ಕೆ ಇಳಿಯುವವರಿಗೆ ನನ್ನ ಮಾತು ಇಷ್ಟೇ. ಮೇನ್ ಬಂದ್ ಮಾಡದೆ ಯಾವ ಯುಪಿಎಸ್ಸನ್ನೂ ಪಾಸು ಮಾಡಬೇಡಿ. ಕೊಡದಲ್ಲಿ ಎಷ್ಟು ನೀರಿದೆ ಎಂದು ಲೆಕ್ಕ ಹಾಕಿ, ಆಮೇಲೆ ಎಂಸಿಬಿ ಆರಿಸಿ. ದೀಪ ಹೋದಾಗ ವೈರ್‌ಮನ್ನನ್ನು ತೋರಿಸುವ ಬೆರಳು ಯಾರದು ಎಂದು ಮೊದಲು ನೋಡಿ.

ಮಠಪತಿ ಸರ್, ಇದು ನಿಮ್ಮ ಕೈಗೆ ಬಂದೇ ಬರುತ್ತದೆ. ನವನಗರ ದೊಡ್ಡ ಊರೇನಲ್ಲ. ನಾನು ಜೋರಾಗಿ ವಾದ ಮಾಡುತ್ತೇನೆ ಎಂದು ಗೊತ್ತಿದ್ದೇ ನೀವು ಕೆಲಸ ಕೊಟ್ಟಿರಿ. ಹಾಗಾಗಿ ಜೋರಾಗಿಯೇ ಕೇಳುತ್ತೇನೆ, ಆಫೀಸಿನ ಬಾಗಿಲು ತೆರೆದಿಟ್ಟು ಕೇಳುತ್ತೇನೆ. ಆ ಆಸ್ಪತ್ರೆಯಲ್ಲಿ ಗೋವಿಂದಪ್ಪ ಎಳೆದ ವೈರನ್ನು ನೀವು ಇಂದಿಗೂ ಮುಟ್ಟಿಲ್ಲ. ಥಿಯೇಟರಿನ ದೀಪ ಅದೇ ವೈರಿನ ಮೇಲೆ ಉರಿಯುತ್ತಿದೆ. ತಪ್ಪು ಆ ವೈರಿನಲ್ಲಿದ್ದರೆ, ವೈರನ್ನು ಹಾಗೇ ಬಿಟ್ಟು ಎಂಸಿಬಿಯನ್ನು ಯಾಕೆ ಬದಲಿಸಿದಿರಿ?